ತೂಕ ಕಳೆದ ಕಲ್ಲು

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಎಂಟು ಟನ್ನಿನ ಕೆಂಪು ಗ್ರಾನೈಟ್ ಕಲ್ಲು ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದಿತು.

2061ರಲ್ಲಿ, ಇಳಕಲ್ಲಿನ ಹೊರಗಿನ ಕ್ವಾರಿಯೊಂದರಲ್ಲಿ ನಡೆದ ಭಾರಹಾರಿ ಯಂತ್ರದ ಮೊದಲ ಪ್ರಯೋಗ ಅದು. ಕಲ್ಲಿಗೆ ಬಿಗಿದ ಎರಡು ಫಲಕಗಳು ಭೂಮಿಯ ಸೆಳೆತ ಅದಕ್ಕೆ ತಾಗದಂತೆ ತಡೆಯುತ್ತಿದ್ದವು. ಯಂತ್ರ ರೂಪಿಸಿದ ಭೌತವಿಜ್ಞಾನಿ ಅನಸೂಯಾ ಕಂದಕೂರ ಪರದೆಯಲ್ಲಿ ಮೊದಲು ತೂಕವನ್ನು ನ್ಯೂಟನ್‌ಗಳಲ್ಲಿ ತೋರಿಸಿದ್ದರು. "ನಮ್ಮ ಮಂದಿಗೆ ಅದು ತಿಳಿಯಂಗಿಲ್ರಿ ಮೇಡಂ, ಟನ್ನಿನಾಗ ಹಾಕ್ರಿ" ಎಂದು ಮೇಸ್ತ್ರಿ ಖಾಜಾಸಾಬ ಕೇಳಿದ್ದಕ್ಕೆ ಹಿಂದಿನ ದಿನವಷ್ಟೇ ಬದಲಿಸಿದ್ದರು. ಈಗ ಪರದೆಯಲ್ಲಿ ಸೊನ್ನೆ ಟನ್ ಎಂದಿತ್ತು.

"ನಮ್ಮ ಮನಿಯಾಕಿಗಿಂತ ಹಗುರ ಆತಲ್ಲೋ ಇದು" ಎಂದ ಮುಂದಾಳು ಮೌನೇಶ.

ಕಲ್ಲು ಸಾಗುವಾಗ ಮುಂದಾಳು ಅದಕ್ಕೆ ಅಂಗೈ ಊರಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ದಾರಿ ತೋರಿಸುವುದು ಅಲ್ಲಿಯ ರೂಢಿ. ಅವನು "ಬಿಡ್ರೋ" ಎಂದರೆ ದೂಡುವವರು ಕೈ ತೆಗೆಯುತ್ತಾರೆ. ಕಲ್ಲು ನೆಲದ ತಿಕ್ಕಾಟಕ್ಕೆ ತಾನೇ ನಿಲ್ಲುತ್ತದೆ.

ನಾಲ್ವರು ದೂಡಿದರು. ಕಲ್ಲು ಹಿಡಿಸುವಷ್ಟೇ ಅಗಲದ ಓಣಿ. ಕೊನೆಯಲ್ಲಿ ಆಳೆತ್ತರದ ಲೋಡಿಂಗ್ ಕಟ್ಟೆ. ಕಟ್ಟೆ ಎರಡು ಮಾರು ದೂರವಿದ್ದಾಗ ಮೌನೇಶ "ಬಿಡ್ರೋ" ಎಂದ. ಬಿಟ್ಟರು. ಕಲ್ಲು ನಿಲ್ಲಲಿಲ್ಲ.

ಅವನು ಕಲ್ಲಿಗೆ ಎದೆ ಕೊಟ್ಟು ತಡೆದ. ವೇಗ ತುಸು ಕುಗ್ಗಿತು, ಆದರೆ ಹಿಮ್ಮಡಿ ಕಲ್ಲುಪುಡಿಯಲ್ಲಿ ಜಾರುತ್ತಲೇ ಹೋಯಿತು.

"ಸೊನ್ನಿ ಐತಲ್ರಿ, ಯಾಕ ನಿಲ್ಲವಲ್ದು?" ಎಂದ ಖಾಜಾಸಾಬ.

"ಸೊನ್ನೆ ಆಗಿರೋದು ತೂಕ. ದ್ರವ್ಯರಾಶಿ ಎಂಟು ಸಾವಿರ ಕಿಲೋ ಹಾಗೇ ಇದೆ. ಅವನು ತಡೀತಿರೋದು ಅದನ್ನ" ಎಂದರು ಅನಸೂಯಾ.

"ಹಂಗಾರ ಬಂದ್ ಮಾಡ್ರಿ."

"ಅವನ ಕಾಲಿನ ಮೇಲೆ ಬೀಳುತ್ತೆ."

"ಕಾಲು ಹೋದ್ರ ಹೋಗ್ಲಿ. ಬಂದ್ ಮಾಡ್ರಿ ಯವ್ವಾ" ಎಂದು ಖಾಜಾಸಾಬ ಅಂಗಲಾಚಿದ.

"ಮೌನೇಶ, ಕಾಲು ಹಿಂದಕ್ಕೆ ತಗೋ" ಎಂದು ಕೂಗಿ ಅನಸೂಯಾ ಗುಂಡಿ ಒತ್ತಿದರು.

ಎಪ್ಪತ್ತೆಂಟು ಸಾವಿರ ನ್ಯೂಟನ್ ತೂಕ ಒಮ್ಮೆಗೇ ಮರಳಿತು. ಕಲ್ಲು ನೆಲಕ್ಕೆ ಬಿತ್ತು, ತಿಕ್ಕುತ್ತ ಒಂದಿಷ್ಟು ಸರಿಯಿತು, ನಿಂತಿತು. ಮೌನೇಶನ ಬೆನ್ನಿಗೂ ಕಟ್ಟೆಗೂ ನಡುವೆ ಒಂದು ಗೇಣು ಉಳಿದಿತ್ತು. ಅವನ ಎಡಗಾಲಿನ ಎರಡು ಬೆರಳು ಕಲ್ಲಿನಡಿಯಲ್ಲಿದ್ದವು. ಅವನ್ನು ಉಳಿಸಲಾಗಲಿಲ್ಲ.

ತೇಲುವ ಕಲ್ಲನ್ನು ಹಿಂದಿನಿಂದ ಹಿಡಿದು ನಿಲ್ಲಿಸಲು, ಯಂತ್ರ ಬರುತ್ತದೆಂದು ಕೆಲಸದಿಂದ ತೆಗೆದಿದ್ದ , ಹಗ್ಗ ಕಟ್ಟಿ ಕಲ್ಲು ಎಳೆಯುತ್ತಿದ್ದ ಎಂಟು ಆಳುಗಳನ್ನು ಕ್ವಾರಿಯವರು ಮರುವಾರ ವಾಪಸು ಕರೆಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಮೌನೇಶನೂ ಅವರೊಂದಿಗೆ ಹಗ್ಗ ಹಿಡಿದ.