ಚಾವಣಿಯ ಹೊಸ ಫ್ಯಾನು

ಚಿಲಕ ಮುರಿದು ಒಳಗೆ ಹೋದಾಗ ಬಸವಕಿರಣ ಹಾಸಿಗೆಯ ಮೇಲೆ ನಿದ್ದೆಹೋದವನಂತೆ ಇದ್ದ. ಮೈ ತಣ್ಣಗಾಗಿತ್ತು. ಕಾಲಬಳಿ, ಚಳಿಗೆಂದು ಇಟ್ಟುಕೊಂಡ ಶೇಗಡಿಯಲ್ಲಿ ಇದ್ದಿಲು ಬೂದಿಯಾಗಿತ್ತು. ತಲೆಯ ಮೇಲೆ, ಚಾವಣಿಯಲ್ಲಿ, ಹೊಸ ಫ್ಯಾನು ಇನ್ನೂ ತಿರುಗುತ್ತಲೇ ಇತ್ತು.

ಅದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೇಲರ್ ಮನೆ. ಬಸವಕಿರಣ ಅದನ್ನು ಗರಗದಲ್ಲಿ, ತನ್ನ ಮನೆಯ ಕಟ್ಟೆಗೆ ಒತ್ತಿ ನಿಲ್ಲಿಸಿದ್ದ. ಬೆಳಗಾದರೆ ಅವ್ವನನ್ನು ಕರೆದುಕೊಂಡು ಕಾರವಾರಕ್ಕೆ ಹೊರಡಬೇಕಿತ್ತು. ಒಳಗಿನ ಗಾಳಿ ಹೊರಹಾಕುವ ಹಳೆಯ ಫ್ಯಾನು ಕೆಟ್ಟಿತ್ತೆಂದು ಹಿಂದಿನ ದಿನವಷ್ಟೇ ಗೆಳೆಯ ಜಾವೀದ ಅದನ್ನು ಕಿತ್ತು ಹೊಸದು ಕೂರಿಸಿದ್ದ. ಜಾವೀದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಫಿಟ್ಟರ್. ರಾತ್ರಿಯಿಡೀ ಫ್ಯಾನು ಓಡುತ್ತದೆಯೇ ನೋಡೋಣವೆಂದು ಬಸವಕಿರಣ ಒಳಗೇ ಮಲಗಿದ್ದ.

ಶವ ಧಾರವಾಡದ ಆಸ್ಪತ್ರೆಗೆ ಹೋಯಿತು. ಇದ್ದಿಲಿನ ವಿಷಗಾಳಿ — ಅದರಲ್ಲಿ ಸಂಶಯವಿರಲಿಲ್ಲ. ಆದರೆ ಗಾಳಿ ಹೊರಹಾಕಲೆಂದೇ ಕೂರಿಸಿದ ಫ್ಯಾನು ಮಾಡಿದ್ದೇನು?

ಸಬ್ ಇನ್ಸ್‌ಪೆಕ್ಟರ್ ಸುಮಲತಾ ಬಂದಾಗ ಜನ ಜಾವೀದನನ್ನು ಸುತ್ತುಗಟ್ಟಿದ್ದರು. ಅವನ ಕೆನ್ನೆ ಕೆಂಪಾಗಿತ್ತು.

"ಹೊಡದವರ ಯಾರು?"

"ನಾನ," ಎಂದಳು ಸತ್ತವನ ತಾಯಿ ಕಾಳವ್ವ. "ನನ್ನ ಮಗನ್ನ ಕೊಂದಾನ್ರಿ ಇವ. ನಮ್ಮ ಮನ್ಯಾಗ ಉಂಡ ಬೆಳದಾವ!"

"ಫ್ಯಾನ ಉಲ್ಟಾ ಕುಂಡ್ರಿಸ್ಯಾನ್ರೀ ಮೇಡಂ," ಎಂದ ಚಿಕ್ಕಪ್ಪ ಬಸಣ್ಣ. "ಮೊಬೈಲ್ ನೋಡಕೋಂತ ಕೆಲಸಾ ಮಾಡಾವ ಇವ. ಮೊದ್ಲ ಒಳಗ ಹಾಕ್ರಿ."

"ನಿಮಗೂ ಕಿರಣಗೂ ಜಗಳಾ ಆಗಿತ್ತಂತಲ್ರಿ?"

"ಆಗಿತ್ರಿ. ಈ ಡಬ್ಬಿ ಬ್ಯಾಡಲೇ ಅಂದಿದ್ದೆ. ಜಗಳಾ ಆಡಿದ್ರ ಏನಾತು? ಅಣ್ಣನ ಮಗಾ ಅಂವ..." ಬಸಣ್ಣನ ದನಿ ಒಡೆಯಿತು.

ಸುಮಲತಾ ಜಾವೀದನನ್ನು ಟ್ರೇಲರಿನ ಒಳಗೆ ಕರೆದಳು.

"ಹಾಕಿದ ಮ್ಯಾಲ ಪರೀಕ್ಷಾ ಮಾಡಿದ್ಯೋ ಇಲ್ಲೋ?"

"ಮಾಡೇನ್ರಿ. ಫ್ಯಾನಿನ ಜಾಳಗಿ ಕೆಳಗ ಪೇಪರ ಹಿಡದ್ವಿ. ಗಪ್ಪನ ಹತ್ಗೊಂತು. ಕಿರಣ್ಯಾ ನಕ್ಕಾ — 'ಲೇ, ಇದು ನನ್ನ ಲುಂಗೀನೂ ಎಳಕೋತೈತಲೇ' ಅಂದಾ."

"ಈಗ ಹಿಡಿ."

ಫ್ಯಾನು ತಿರುಗಿತು. ಕಾಗದ ಕೆಳಗೆ ಬಿತ್ತು. ಮತ್ತೆ ಹಿಡಿದ. ಮತ್ತೆ ಬಿತ್ತು.

"ನೋಡ್ರಿ! ನೋಡ್ರಿ!" — ಬಾಗಿಲಿಂದ ಬಸಣ್ಣ.

"ನಿನ್ನಿ ಎಳೀತಿತ್ರಿ ಮೇಡಂ... ಖರೇನ ಎಳೀತಿತ್ರಿ..."

ಪೇದೆ ಅವನ ತೋಳು ಹಿಡಿದು ಜೀಪಿನಲ್ಲಿ ಕೂರಿಸಿದ.

ಸುಮಲತಾ ಒಳಗೇ ಉಳಿದಳು. ಫ್ಯಾನಿನ ಕೆಳಗೆ ಮುಖ ಎತ್ತಿ ನಿಂತಳು. ಉಲ್ಟಾ ಕೂರಿಸಿದ್ದರೆ ಗಾಳಿ ಮುಖಕ್ಕಾದರೂ ಬೀಸಬೇಕಲ್ಲ? ಏನೂ ಬೀಸಲಿಲ್ಲ. ಹೊರಗೂ ಇಲ್ಲ, ಒಳಗೂ ಇಲ್ಲ. ಹಾಗಾದರೆ?

ಜೀಪಿನ ಬಳಿ ಬಂದಳು.

"ಮ್ಯಾಲಿನ ಮುಚ್ಚಳಾ ಹೆಂಗ ತೆರೀತೈತೋ?"

"ಫ್ಯಾನಿನ ಗಾಳೀನ ಎತ್ತತೈತ್ರಿ. ಹಗೂರ ಪ್ಲಾಸ್ಟಿಕ್. ಫ್ಯಾನ ಬಂದ್ ಮಾಡಿದ್ರ ತಾನ ಬೀಳತೈತಿ."

ಕಟ್ಟೆಯ ಮೇಲೆ ನಿಂತರೆ ಚಾವಣಿ ಕೈಗೆಟುಕುತ್ತಿತ್ತು. ಮುಚ್ಚಳದ ಸುತ್ತ ಇದ್ದುದನ್ನು ಬಂದ ಕೂಡಲೇ ಅವಳು ನೋಡಿದ್ದಳು — ಕುಂಕುಮ, ನಿಂಬೆಹಣ್ಣು, ಕರಿಯ ಕಂಬಳಿ ದಾರ. ಪ್ರತಿ ಹೊಸ ಗಾಡಿಗೂ ಇರುವುದೇ. ಅವಳ ಜೀಪಿಗೂ ಇತ್ತು. ಈಗ ಕಟ್ಟೆ ಹತ್ತಿ ಮುಚ್ಚಳದ ಅಂಚಿಗೆ ಬೆರಳು ಕೊಟ್ಟು ಎತ್ತಿದಳು. ಏಳಲಿಲ್ಲ.

ಕೆಳಗಿಳಿದು ಕಾಳವ್ವನ ಬಳಿ ಬಂದಳು.

"ಪೂಜಾ ಯಾವಾಗ ಮಾಡಿದ್ರಿ, ಅವ್ವಾರ?"

"ಸಂಜೀಕ್ರಿ. ಜಾವೀದ ಹೋದಮ್ಯಾಲ. ಕಿರಣ ಕಾರಿಗೆ ಪೆಟ್ರೋಲ್ ಹಾಕಸಾಕ ಹೋಗಿದ್ದ. ಹೊಸಾದಕ್ಕ ದೃಷ್ಟಿ ಲಗೂ ತಾಗತೈತ್ರಿ. ಹಾದ್ಯಾಗ ಬಿಚ್ಚಬಾರದಂತ ಗಟ್ಟಿ ಸುತ್ತಿ ಗಂಟ ಹಾಕೇನಿ."

ಜೀಪಿನಲ್ಲಿ ಕೂತ ಜಾವೀದ ತಟ್ಟನೆ ಹೊರಗೆ ಬಾಗಿದ.

"ಮೇಡಂ! ನಾನ ಉಲ್ಟಾ ಹಾಕೇನ್ರಿ. ಬರಕೋರ್ರಿ! ನಂದ ತಪ್ಪು!"

"ಸುಮ್ಮನಿರು."

"ಕೈ ಮುಗೀತೇನ್ರಿ. ಕಾಳವ್ವ ಕಾಕೂಗ ಹೇಳಬ್ಯಾಡ್ರಿ —"

"ಏನ ಹೇಳಬಾರದೋ?" ಎಂದ ಕಾಳವ್ವ ಸುಮಲತಾಳ ಕಡೆ ತಿರುಗಿದಳು. "ಏನವ್ವಾ, ಏನ ಹೇಳಬಾರದು?"

ಸುಮಲತಾ ಅವಳ ಕೈ ಹಿಡಿದಳು.

"ಫ್ಯಾನ ಸರಿ ಐತಿ, ಅವ್ವಾರ. ಮುಚ್ಚಳಾ ಏಳಲಿಲ್ಲ. ದಾರ ಅದನ್ನ ಹಿಡಕೊಂಡಿತ್ತು. ಫ್ಯಾನಿನ ಸಪ್ಪಳಾ ಕೇಳಿ, ಗಾಳಿ ಹೋಗಾಕತ್ತೈತಿ ಅಂತ ನಂಬಿ ಮಲಗ್ಯಾನ. ದಾರಾನ ನಾವೆಲ್ಲಾರೂ ನೋಡಿದ್ವಿ. ಪೂಜಾದ್ದು ಅಂತ ಬಿಟ್ಟಬಿಟ್ವಿ."

"ಕಟ್ಟಿದಾಕಿ ನಾನ."

"ಹೌದ್ರಿ. ಕಟ್ಟಿದವರು ನೀವ. ಆದ್ರ ಕೆಂಡಾ ಒಳಗ ಒಯ್ದಂವ ಅವನ. ಇದು ಕೊಲೆ ಅಲ್ರಿ, ಯಾರೂ ಬೇಕಂತ —"

ಕಾಳವ್ವ ಉಳಿದದ್ದನ್ನು ಕೇಳಲಿಲ್ಲ. ಜೀಪಿನ ಬಳಿ ನಡೆದಳು. ತಾನು ಹೊಡೆದ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು.

"ಇಳಿಯೋ ಮಗನ. ಅದು ನಾ ಕುಂಡ್ರೋ ಜಾಗಾ."

ಜಾವೀದ ಇಳಿದ. ಅವಳು ಹತ್ತಿ ಕುಳಿತಳು.

"ಇಳೀರಿ ಅವ್ವಾರ. ನಿಮ್ಮನ್ನ ಒಯ್ಯಾಕ ಬಂದಿಲ್ಲ ನಾವು."

"ವೈನಿ, ಬಾ ಇಲ್ಲೆ," ಎಂದು ಬಸಣ್ಣ ಕರೆದ. ಅವಳು ಯಾರತ್ತಲೂ ನೋಡಲಿಲ್ಲ. ಇಳಿಯಲೂ ಇಲ್ಲ.

ಜಾವೀದ ಅಲ್ಲೇ ನಿಂತಿದ್ದ. ಅವನಿಗೆ ಬಿಡುಗಡೆಯಾಗಿತ್ತು, ಮನೆಗೆ ಹೋಗಬಹುದಿತ್ತು. ಆದರೆ ಅವನು ಮತ್ತೆ ಜೀಪು ಹತ್ತಿ, ಅವಳ ಪಕ್ಕದಲ್ಲಿ ಕುಳಿತ.