ದೇವರ ಖೋಲಿಯ ಸ್ವಿಚ್ಚು

“ಕಾಕಾ, ಈ ಡಬ್ಬಿಗಿ ಕಿವಿ ಯಾಕ ಅದಾವ್ರಿ?”

ಖಂಡಪ್ಪ ಉಳಿ ನಿಲ್ಲಿಸಲಿಲ್ಲ. “ಕೇಳಾಕ.”

“ಚ್ಯಾಷ್ಟಿ ಬ್ಯಾಡ್ರಿ. ಖರೇ ಹೇಳ್ರಿ.”

ಶೀತಲಳ ಕೈಯಲ್ಲಿ ಅಂಗೈಯಗಲದ ಕಬ್ಬಿಣದ ಡಬ್ಬಿಯಿತ್ತು. ಅದರ ಎರಡು ಬದಿಗೆ ಪುಟ್ಟ ಕಿವಿಗಳು, ಕಿವಿಯಲ್ಲಿ ಸಣ್ಣ ತೂತುಗಳು. ಕರಜಗಿಯಲ್ಲಿ ಅವರ ಹೊಸ ಮನೆಗೆ ಸ್ಲ್ಯಾಬು ಬಿದ್ದಾಗಿತ್ತು. ಗೋಡೆಗಳು ಮಾತ್ರ ಇನ್ನೂ ಬರೀ ಇಟ್ಟಿಗೆ. ಲೈಟು ಜೋಡಿಸಲು ಅಕ್ಕಲಕೋಟದಿಂದ ವಾಯರಮನ್ ಖಂಡಪ್ಪ ಬಂದಿದ್ದ. ರವಿವಾರ ಸಾಲಿ ಇಲ್ಲದ್ದರಿಂದ ಶೀತಲ ಬೆಳಗಿನಿಂದ ಅವನ ಬೆನ್ನು ಬಿಟ್ಟಿರಲಿಲ್ಲ.

“ಸ್ವಿಚ್ಚಿನ ಪ್ಲೇಟಿನ ಸ್ಕ್ರೂ ಈ ಕಿವ್ಯಾಗ ಕೂಡ್ತಾವ,” ಎಂದ ಖಂಡಪ್ಪ. “ಬರೇ ಗ್ವಾಡಿಗಿ ಸ್ಕ್ರೂ ತಿರುವಿದ್ರ ಉಸುಕ ಉದರಿ ಬೋರ್ಡು ಕೈಗೇ ಬರ್ತೈತಿ. ಗ್ವಾಡಿ ಡಬ್ಬಿ ಹಿಡೀತೈತಿ, ಡಬ್ಬಿ ಸ್ವಿಚ್ಚು ಹಿಡೀತೈತಿ.”

“ಆಮ್ಯಾಲೆ ಬೇರೆ ಕಡೆ ಸರಸಾಕ ಬರ್ತೈತೇನ್ರಿ?”

“ಗ್ವಾಡಿ ಒಡೀಬೇಕಾಗ್ತೈತಿ. ಇವತ್ತ ಸಿಮೆಂಟ್ ಹಚ್ಚಿ ಕೂಡಸ್ತೀನಿ, ನಾಳಿ ಗೌಂಡಿ ಪ್ಲಾಸ್ಟರ್ ಮಾಡ್ತಾನ. ಮುಗೀತು.”

ಎಲ್ಲ ಖೋಲಿಗಳ ಗೋಡೆಯ ಮೇಲೂ ಅವನು ಒಂದೇ ಎತ್ತರಕ್ಕೆ ಸೀಮೆಸುಣ್ಣದ ಖಡುವಿನಿಂದ ಗೆರೆ ಎಳೆದಿದ್ದ. ಡಬ್ಬಿಗಳು ಕೂಡುವುದು ಆ ಗೆರೆಯ ಮೇಲೆ.

“ಇಷ್ಟ ಎತ್ತರ ಯಾಕ್ರಿ?”

“ನಿಂತಾವ್ರ ಕೈ ಸಹಜ ಹೋಗೂ ಜಾಗಾ.”

ಶೀತಲ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಬೆರಳು ಗೆರೆಗೆ ಮುಟ್ಟಿತು. “ನಂದೂ ಹೋತು ನೋಡ್ರಿ!”

ಅಷ್ಟರಲ್ಲಿ ಅವಳ ಅಜ್ಜಿ ಉಮಾಬಾಯಿ ಬಂದರು. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಆಯಿಯ ಬೆನ್ನು ಬಾಗಿ ಬಹಳ ದಿನವಾಗಿತ್ತು. ನೆಲದಲ್ಲಿ ಕಳೆದದ್ದೇನನ್ನೋ ಹುಡುಕುವವರ ಹಾಗೆ ನಡೆಯುತ್ತಿದ್ದರು.

“ಇದ ಏನಪಾ ದೇವರ ಖೋಲಿ?” ಎನ್ನುತ್ತ ಆಯಿ ಒಳಗೆ ಬಂದು ಗೋಡೆಗೆ ಕೈ ಹಚ್ಚಿದರು. “ಅಕ್ಕಲಕೋಟ ಸ್ವಾಮಿಗಳ ಫೋಟೋ ಇಲ್ಲಿ ಬರಲಿ.”

ತೋಳು ಪೂರ್ತಿ ಚಾಚಿತ್ತು. ಆದರೂ ಬೆರಳು ಒಂದು ಇಟ್ಟಿಗೆಯ ಹತ್ತಿರ ಬಂದು ನಿಂತೇಬಿಟ್ಟಿತು. ಖಡುವಿನ ಗೆರೆ ಇನ್ನೂ ಮೇಲಿತ್ತು.

ಶೀತಲ ಗೆರೆಯನ್ನು ನೋಡಿದಳು. ಆಯಿಯ ಬೆರಳನ್ನು ನೋಡಿದಳು.

ಹಳೆಯ ಮನೆಯಲ್ಲಿ ಸ್ವಿಚ್ಚಿನ ಬೋರ್ಡು ಬಾಗಿಲಿನ ಮೇಲ್ಗಡೆ ಇತ್ತು. ಸಂಜೆ ಯಾರೂ ಇಲ್ಲದಾಗ ಆಯಿ ಕತ್ತಲಲ್ಲೇ ಜಪಕ್ಕೆ ಕೂಡುತ್ತಿದ್ದರು. ಬಂದ ಬೀಗರ ಮುಂದೆಲ್ಲ ಅಪ್ಪ ಕಲ್ಯಾಣಪ್ಪ ಹೆಮ್ಮೆಯಿಂದ ಹೇಳುತ್ತಿದ್ದ, “ನಮ್ಮವ್ವಗ ನಾಮಕ್ಕ ಕತ್ತಲೇ ಬೇಕ್ರಿ. ಭಕ್ತಿ ಅಂದ್ರ ಹಂಗ.” ಬೀಗರು ಕೈ ಮುಗಿಯುತ್ತಿದ್ದರು. ಶೀತಲಳೂ ಆ ಖೋಲಿಯ ಮುಂದೆ ಸಪ್ಪಳಾಗದಂತೆ ಹೆಜ್ಜೆ ಇಡುತ್ತಿದ್ದಳು.

ಆದರೆ ಯಾರಾದರೂ ಬಂದು ಲೈಟು ಹಚ್ಚಿದಾಗ ಆಯಿ ಏನು ಮಾಡುತ್ತಿದ್ದರು? ಮೊದಲು ಚಸಮಾ ಹುಡುಕುತ್ತಿದ್ದರು. ಚೆಲ್ಲಿದ ಕುಂಕುಮ ಬಳಿದು ತುಂಬುತ್ತಿದ್ದರು.

ಶೀತಲಳಿಗೆ ನಾಳಿನ ಪ್ಲಾಸ್ಟರ್ ನೆನಪಾಯಿತು. ಹೇಳಬೇಕು, ಇವತ್ತೇ ಹೇಳಬೇಕು. ಆದರೆ ಆಯಿಯ ಎದುರಿಗೇ ಹೇಗೆ ಹೇಳುವುದು?

“ಕಾಕಾ, ಈ ಖೋಲ್ಯಾಗ ಡಬ್ಬಿ ಕೆಳಗ ಕೂಡಸ್ರಿ. ನನ್ನ ಕೈ ಹೋಗಂಗಿಲ್ಲ.”

ಖಂಡಪ್ಪ ಉಳಿ ನಿಲ್ಲಿಸಿದ. ಈಗಷ್ಟೇ ಗೆರೆ ಮುಟ್ಟಿದ ಹುಡುಗಿಯನ್ನು ನೋಡಿದ. ಆಮೇಲೆ ಆಯಿಯ ಕಡೆ ನೋಡಿದ.

ಬಾಗಿಲಲ್ಲಿ ನಿಂತಿದ್ದ ಅಣ್ಣ ಅಪ್ಪು ನಕ್ಕ. “ಗಿಡ್ಡಿ! ಒಂದ ಸ್ಟೂಲ್ ತಂದು ಕೊಡ್ರಿ ಆಕಿಗಿ.”

ಅವನ ಹಿಂದೆಯೇ ಅಪ್ಪ ಬಂದ. “ಎಲ್ಲಾ ಡಬ್ಬಿ ಒಂದ ಲೈನ್ ಇರ್ಲಿ ಖಂಡಪ್ಪಾ. ಆಕಿ ನಾಳಿ ಬೆಳೀತಾಳ.”

“ನಾ ಬೆಳೆಯಂಗಿಲ್ಲ,” ಎಂದಳು ಶೀತಲ. ಅಪ್ಪು ಇನ್ನೂ ಜೋರಾಗಿ ನಕ್ಕ. ಅವಳ ಕಣ್ಣಲ್ಲಿ ನೀರು ಬಂತು. ಆದರೂ ಅವಳು ಗೋಡೆ ಬಿಟ್ಟು ಸರಿಯಲಿಲ್ಲ.

“ಹಟಾ ಮಾಡಬ್ಯಾಡ. ಚಂದ ಕಾಣಂಗಿಲ್ಲ,” ಎಂದ ಅಪ್ಪ.

ಖಂಡಪ್ಪ ಸಾವಕಾಶ ಕೇಳಿದ, “ಎಲ್ಲಿ ಬೇಕವಾ ನಿನಗ?”

ಶೀತಲ ಆಯಿಯ ಬೆರಳು ನಿಂತಿದ್ದ ಇಟ್ಟಿಗೆಯ ಮೇಲೆ ಕೈ ಇಟ್ಟಳು. ಖಂಡಪ್ಪ ಅಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿ ಬೇಡ ಎಂದ.

ಆಯಿ ಆ ಇಟ್ಟಿಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಸೆರಗು ಸರಿ ಮಾಡಿಕೊಂಡರು.

“ಇರ್ಲಿ ಬಿಡಪಾ ಕಲ್ಯಾಣಿ. ನನಗೇನು, ಕತ್ತಲಿ ರೂಢಿ ಐತಿ. ಕೂಸಿನ ಸಲುವಾಗಿ ಇಡಸು.”

ತನ್ನ ಅವ್ವನ ಮಾತು ಮೀರುವುದು ಅಪ್ಪನಿಗೆ ಗೊತ್ತಿರಲಿಲ್ಲ. ಖಂಡಪ್ಪ ಹಳೆಯ ಗೆರೆಯನ್ನು ಅಂಗೈಯಿಂದ ಅಳಿಸಿದ.

ಹೊಸ ಮನೆಗೆ ಬಂದ ಮೇಲೆ ಒಂದು ಸಂಜೆ ಅಪ್ಪ ಅವ್ವ ಹೊಲದಲ್ಲೇ ಇದ್ದರು. ಶೀತಲ ಆಟ ಮುಗಿಸಿ ಬಂದಾಗ ಮುಚ್ಚಂಜೆ. ದೇವರ ಖೋಲಿ ಕತ್ತಲಾಗಿತ್ತು. ಒಳಗೆ ಆಯಿಯ ಜಪಮಣಿ ಸರಿಯುವ ಸಣ್ಣ ಸಪ್ಪಳ.

ಅವಳ ಮುಖ ಸಣ್ಣದಾಯಿತು. ಹಾಗಾದರೆ ಅಪ್ಪ ಹೇಳಿದ್ದೇ ಖರೆಯೇನು? ತಾನು ಸುಮ್ಮನೆ ಹಟ ಮಾಡಿದೆನೇನು? ಅವಳು ಸ್ವಿಚ್ಚಿಗೆ ಕೈ ಚಾಚಿದಳು.

“ಬ್ಯಾಡವಾ,” ಎಂದಿತು ಕತ್ತಲೊಳಗಿನ ದನಿ. “ಈಗಷ್ಟ ಆರಿಸೀನಿ.”

“ನೀ ಆರಿಸಿದಿ?”

“ಮತ್ಯಾರ? ಹೂವ ಏರಸೂ ಮುಂದ ಹಚ್ಚಿದ್ನಿ. ಸ್ವಾಮಿಗಳ ಮಾರಿ ಕಣ್ತುಂಬ ನೋಡಿದ್ನಿ. ನಾಮಕ್ಕ ಕೂಡೂ ಮುಂದ ಆರಿಸಿದ್ನಿ.” ಆಯಿ ಕೇಳಿದರು, “ನಿನಗ ಬೇಕೇನು? ಹಚ್ಲಿ?”

ಶೀತಲ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಬ್ಯಾಡ ಆಯಿ. ಇರ್ಲಿ.”

ಅವಳು ಗೋಡೆ ತಡವುತ್ತ ಹೋಗಿ, ಆಯಿಯ ಮೊಣಕಾಲಿಗೆ ತಾಗಿ ಕುಳಿತಳು. ಜಪಮಣಿ ಮತ್ತೆ ಸರಿಯತೊಡಗಿತು.