ಖಾಲಿ ಬಿಟ್ಟ ನಾಲ್ಕನೇ ಕಲಂ

ಹನ್ನೊಂದು ದಿನದಿಂದ ಅವರು ನನ್ನ ಕಿಟಕಿಗೆ ಬಂದಿರಲಿಲ್ಲ.

ನನ್ನದು ವಿಶ್ವವಿದ್ಯಾಲಯದ ಆಡಳಿತ ಭವನದ ನೆಲಮಹಡಿಯ ಟಪಾಲು ಕಿಟಕಿ. ಯಾವ ವಿಭಾಗದ ಯಾವ ಕಾಗದವೇ ಆಗಲಿ, ಮೊದಲು ನನ್ನ ಮುಂದೆ ಬರಬೇಕು. ದಿನಾಂಕ, ಗಂಟೆ, ನಂಬರು ಇರುವ ಮೊಹರನ್ನು ನಾನು ಒತ್ತಿದ ಮೇಲೆಯೇ ಅದು ಮೆಟ್ಟಿಲು ಹತ್ತುವುದು. ಮೊದಲ ಮಹಡಿಯ ಎಡಕ್ಕೆ ಕುಲಸಚಿವರು, ಬಲಕ್ಕೆ ಪರೀಕ್ಷಾ ಕುಲಸಚಿವರು, ಎರಡನೆಯದರಲ್ಲಿ ಹಣಕಾಸು ಅಧಿಕಾರಿ, ಎಲ್ಲರ ನೆತ್ತಿಯ ಮೇಲೆ ಕುಲಪತಿಗಳು. ಕಾಗದ ಮೇಲೆ ಹತ್ತುತ್ತದೆ, ಬೈಗುಳ ಕೆಳಗಿಳಿಯುತ್ತದೆ. ಆಡಳಿತವೆಂದರೆ ಇಷ್ಟೇ ಎಂದು ಏಳು ವರ್ಷದಲ್ಲಿ ಕಲಿತಿದ್ದೆ.

ಅವರು ಬಲಗಡೆಯವರು. ಪರೀಕ್ಷಾ ಕುಲಸಚಿವರ ಕೈಕೆಳಗಿನ ಗೌಪ್ಯ ಶಾಖೆಯಲ್ಲಿ ಪ್ರಶ್ನೆಪತ್ರಿಕೆ ಇಡುವ ಸ್ಟ್ರಾಂಗ್ ರೂಮಿನ ಕೀ ಅವರ ಬಳಿ ಇರುತ್ತಿತ್ತು. ದಿನವಿಡೀ ಲಕೋಟೆಗಳ ಮೇಲೆ ಅರಗು ಕರಗಿಸಿ ಸೀಲು ಹಾಕಿ ಅವರ ಬೆರಳ ತುದಿಗಳೆಲ್ಲ ಕೆಂಪಾಗಿದ್ದವು. ಹಾಗಾಗಿ ಭವನದವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಅರಗು' ಎಂದೇ. ಟಪಾಲು ತರುವುದು ಅಟೆಂಡರ್ ಕೆಲಸ. ಆದರೂ ದಿನಾ ಹತ್ತೂವರೆಗೆ ಅವರೇ ಇಳಿದು ಬರುತ್ತಿದ್ದರು.

"ಅಟೆಂಡರ್ ಇವತ್ತೂ ರಜಾನಾ?"

"ಇಲ್ಲ ಮೇಡಂ. ಅವರಿಗೆ ಮಂಡಿನೋವು."

"ಎರಡು ವರ್ಷದಿಂದಾನಾ?"

"ಹಳೇ ನೋವು," ಎನ್ನುವರು, ಮೊಹರಿನ ಮೇಲಿಂದ ಕಣ್ಣೆತ್ತದೆ.

ನಾನು ನಂಬರು ಬರೆಯಲು ತಲೆ ತಗ್ಗಿಸಿದಾಗ ಮಾತ್ರ ಆ ಕಣ್ಣು ಮೇಲೇಳುತ್ತಿತ್ತು. ಕಿಟಕಿಯ ಗಾಜಿನಲ್ಲಿ ನನಗೆ ಎಲ್ಲ ಕಾಣಿಸುತ್ತದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ನಾನಾಗಿ ಹೇಳುವಷ್ಟು ದಡ್ಡಿಯೂ ನಾನಲ್ಲ. ಒಂದೊಂದು ಸಲ ಬೇಕೆಂದೇ ನಿಧಾನವಾಗಿ ಬರೆಯುತ್ತಿದ್ದೆ.

ಕೊನೆಗೆ ನಾನೇ ಬಾಯಿ ಬಿಟ್ಟು ಕೆಟ್ಟೆ. "ಎಂ.ಎ. ಕೊನೇ ವರ್ಷದ ಪರೀಕ್ಷೆಗೆ ಕಟ್ಟಿದ್ದೀನಿ. ಪಾಸಾದ್ರೆ ಕೆಲಸ ಖಾಯಂ," ಎಂದೆ, ಹಿಗ್ಗಿನಿಂದ. ಪದವಿ ಇದ್ದವರನ್ನು ಈ ವರ್ಷ ಖಾಯಂ ಮಾಡುವುದು, ಇಲ್ಲದ ಹಂಗಾಮಿಗಳನ್ನು ಬಿಡುಗಡೆ ಮಾಡುವುದು ಎಂದು ಸಿಂಡಿಕೇಟ್ ಸಭೆ ನಿರ್ಣಯ ಮಾಡಿತ್ತು. ನಾನು ಹಂಗಾಮಿ. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖದ ರಕ್ತವೆಲ್ಲ ಇಳಿದು ಹೋಯಿತು. "ಹೌದಾ" ಎಂದು ಲಕೋಟೆಯನ್ನೂ ಬಿಟ್ಟು ಹೋದರು.

ಮರುದಿನ ಅಟೆಂಡರ್ ಬಂದರು. ಅವರ ಮಂಡಿ ಗಟ್ಟಿಮುಟ್ಟಾಗಿತ್ತು.

ಅಂದಿನಿಂದ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಅವರು ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುತ್ತಿದ್ದರು. ಹಂಗಾಮಿಯಾಗಿದ್ದಾಗ ಬೇಕಾಗಿದ್ದವಳು ಓದುತ್ತೇನೆ ಎಂದ ಕೂಡಲೇ ಬೇಡವಾದೆನೇ? ಸಿಟ್ಟು ಬಂತು. ಸಿಟ್ಟಿನ ಕೆಳಗೆ ಭಯವಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ದಾಖಲೆ ಕೊಠಡಿಯಲ್ಲಿ ಒಂದು ದಿನ ಅತ್ತೂ ಬಿಟ್ಟೆ. ಕಣ್ಣು ಯಾಕೆ ಕೆಂಪಗಿದೆ ಎಂದವರಿಗೆ ಧೂಳು ಎಂದೆ.

ಹನ್ನೆರಡನೆಯ ದಿನ, ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ, ಅಟೆಂಡರ್ ಒಂದು ಲಕೋಟೆ ಇಟ್ಟು ಊಟಕ್ಕೆ ಹೋದರು.

ಅವತ್ತು ಇಡೀ ಭವನ ಉಸಿರು ಬಿಗಿಹಿಡಿದಿತ್ತು. ಎರಡು ಗಂಟೆಗೆ ಮುದ್ರಣಾಲಯದಿಂದ ಪ್ರಶ್ನೆಪತ್ರಿಕೆಯ ಲಾರಿ ಬರಲಿತ್ತು. ಕಳೆದ ವರ್ಷ ಒಂದು ಪತ್ರಿಕೆ ಹೊರಬಿದ್ದು ಗೌಪ್ಯ ಶಾಖೆಯ ಮೂವರು ಅಮಾನತಾಗಿದ್ದರು. ಅವರಲ್ಲೊಬ್ಬರು ಮಾಡಿದ್ದ ತಪ್ಪು ಒಬ್ಬ ವಿದ್ಯಾರ್ಥಿಯ ಜೊತೆ ಚಹಾ ಕುಡಿಯುತ್ತ ನಿಂತಿದ್ದು, ಅಷ್ಟೇ. ಆಮೇಲೆ ಹೊಸ ನಿಯಮ ಬಂತು. ತಮ್ಮ ಹತ್ತಿರದವರು ಯಾರಾದರೂ ಪರೀಕ್ಷೆ ಬರೆಯುತ್ತಿದ್ದರೆ, ಪತ್ರಿಕೆ ಬರುವ ಮೊದಲೇ ಗೌಪ್ಯ ಶಾಖೆಯ ನೌಕರ ಕುಲಸಚಿವರಿಗೆ ಘೋಷಣೆ ಕೊಟ್ಟು ಶಾಖೆಯಿಂದ ಹೊರಬರಬೇಕು. ಘೋಷಣೆಯ ಮೇಲೆ ನನ್ನ ಮೊಹರು ಲಾರಿಗಿಂತ ತಡವಾಗಿ ಬಿದ್ದರೆ ನೌಕರ ಅಮಾನತು, ಆ ಹತ್ತಿರದವರ ಪರೀಕ್ಷೆ ರದ್ದು.

ಇಂಥ ಘೋಷಣೆ ಎರಡು ಲಕೋಟೆಯಲ್ಲಿ ಬರಬೇಕು. ಹೊರಗಿನದನ್ನು ನಾನು ಒಡೆಯಬಹುದು, ಅರಗಿನ ಸೀಲಿರುವ ಒಳಗಿನದನ್ನು ಕುಲಸಚಿವರೇ ಒಡೆಯಬೇಕು. ನಾನು ಹೊರಗಿನದನ್ನು ಒಡೆದೆ. ಒಳಗೆ ಲಕೋಟೆಯೇ ಇರಲಿಲ್ಲ, ಬರೀ ಕಾಗದ. ಊರಿಗೆಲ್ಲ ಸೀಲು ಹಾಕುವವರು ತಮ್ಮ ಕಾಗದಕ್ಕೆ ಹಾಕಲು ಮರೆತಿದ್ದರು.

ಕಲಂ ಒಂದು, ನೌಕರರ ಹೆಸರು: ಅವರದು. ಕಲಂ ಎರಡು, ಹುದ್ದೆ. ಕಲಂ ಮೂರು, ಪರೀಕ್ಷೆ ಬರೆಯುವ ಹತ್ತಿರದವರ ಹೆಸರು.

ನನ್ನ ಹೆಸರು. ದುಂಡಗಿನ ಅಕ್ಷರದಲ್ಲಿ, ಎಲ್ಲೂ ತಿದ್ದದೆ.

ಕಲಂ ನಾಲ್ಕು, ಸಂಬಂಧ: ಖಾಲಿ. ಪೆನ್ನು ಬಹಳ ಹೊತ್ತು ಊರಿ ನಿಂತಲ್ಲಿ ಒಂದು ಶಾಯಿಯ ಚುಕ್ಕೆ ಹರಡಿತ್ತು.

ಮೊದಲು ಖುಷಿಯಾಯಿತು, ಮರುಕ್ಷಣವೇ ಭಯ. ಹಿಂದಿನ ಮೇಜಿನಿಂದ ಅಕ್ಕ ಇಣುಕಿದರು. ಅವರು ನಮ್ಮ ಅಧೀಕ್ಷಕಿ, ಭವನಕ್ಕೆಲ್ಲ ಅಕ್ಕ. ಕಾಗದ ಓದಿದರು, ನನ್ನ ಮುಖ ಓದಿದರು.

"ಒಂದು ಕಲಂ ಖಾಲಿ ಇದ್ರೂ ಮೊಹರು ಹಾಕೋ ಹಾಗಿಲ್ಲ ಕಣೇ. ವಾಪಸ್ ಕಳಿಸ್ಬೇಕು."

"ಅಟೆಂಡರ್ ಊಟಕ್ಕೆ ಹೋದ್ರಲ್ಲ ಅಕ್ಕಾ. ಅವರು ಬರೋದ್ರಲ್ಲಿ ಲಾರಿ ಬಂದಿರುತ್ತೆ."

"ಹಾಗಾದ್ರೆ ನೀನೇ ಹೋಗು. ಆದ್ರೆ ಒಂದ್ ಮಾತು. ಪರೀಕ್ಷೆ ಬರೆಯೋಳು ಆ ಬಾಗಿಲ ಹತ್ರ ಕಂಡ್ರೆ ನಿನ್ನ ಕಥೆ ಮುಗೀತು."

ಮೆಟ್ಟಿಲು ಇಪ್ಪತ್ತೆರಡು. ಏಳು ವರ್ಷದಲ್ಲಿ ಅವುಗಳನ್ನು ಎಣಿಸಿದ್ದು ಅಂದೇ. ಕಾಗದವನ್ನು ದುಪಟ್ಟಾದ ಒಳಗೆ ಒತ್ತಿ ಹಿಡಿದಿದ್ದೆ. ಬಲಗಡೆಯ ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸದ್ದೇ ನನ್ನನ್ನು ಹಿಡಿದುಕೊಡುವಂತಿತ್ತು. ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಕಳ್ಳಿಯ ಹಾಗೆ, ಬರಿಗಾಲಲ್ಲಿ, ಗೌಪ್ಯ ಶಾಖೆಯ ಕಬ್ಬಿಣದ ಬಾಗಿಲ ಮುಂದೆ ನಿಂತೆ.

ಸರಳುಗಳ ಆಚೆ ಅವರು ಒಬ್ಬರೇ ಇದ್ದರು. ನನ್ನನ್ನು ನೋಡಿ ಕೈಯಲ್ಲಿದ್ದ ಅರಗಿನ ಕಡ್ಡಿ ಬಿತ್ತು.

"ನೀವು ಇಲ್ಲಿ ಯಾಕೆ ಬಂದ್ರಿ! ಹೋಗಿ, ದಯವಿಟ್ಟು ಹೋಗಿ!"

"ನಾಲ್ಕನೇ ಕಲಂ ಖಾಲಿ ಇದೆ," ಎಂದೆ.

"ನೀವು... ಅದನ್ನ ಓದಿದ್ರಾ? ಒಳ ಲಕೋಟೆ..." ಮೇಜಿನ ಕಡೆ ತಿರುಗಿದರು. ಸೀಲು ಹಾಕಿ ಸಿದ್ಧವಾಗಿದ್ದ ಲಕೋಟೆ ಅಲ್ಲೇ ಕೂತಿತ್ತು, ಹೊಟ್ಟೆ ಖಾಲಿಯಾಗಿ. ಅವರು ಹಣೆ ಹಿಡಿದುಕೊಂಡರು.

"ಎಲ್ಲರ ಹಾಗೆ ಯಾರೂ ಇಲ್ಲ ಅಂತ ಬರೆದಿದ್ರೆ ಆಗ್ತಿತ್ತಲ್ಲ?"

"ಬರೆದೆ. ಹರಿದು ಹಾಕ್ದೆ." ಸರಳಿನ ಹತ್ತಿರ ಬಂದರು. "ಹನ್ನೊಂದು ದಿನ ನಿಮ್ಮನ್ನ ನೋಡ್ಲಿಲ್ಲ. ನನ್ನಿಂದ ನಿಮ್ಮ ಪರೀಕ್ಷೆಗೆ ಒಂದು ಚುಕ್ಕೆನೂ ಅಂಟಬಾರದು ಅಂತ. ಆದ್ರೆ ಯಾರೂ ಇಲ್ಲ ಅಂತ ಸಹಿ ಹಾಕೋಕೆ ಕೈ ಬರ್ಲಿಲ್ಲ."

"ಒಂದ್ ಮಾತು ಹೇಳಿ ಹೋಗಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಭಯ. ಹೇಳಿದ್ರೂ ಭಯ, ಹೇಳದಿದ್ರೂ ಭಯ."

ಆ ಕಣ್ಣು ಈಗ ಗಾಜಿನಲ್ಲಿ ಅಲ್ಲ, ನೇರ ನನ್ನ ಮೇಲಿತ್ತು. ಎರಡು ವರ್ಷ ಕಾದಿದ್ದ ನೋಟ ಅದು. ಆದರೆ ಅದನ್ನು ಸವಿಯುವ ಯೋಗ ನನಗಿರಲಿಲ್ಲ. ಬೆನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು.

ಪರೀಕ್ಷಾ ಕುಲಸಚಿವರು. ಮೊದಲು ಸಸ್ಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದವರು. ಗಿಡಗಳೂ ಅವರಿಗೆ ಹೆದರಿ ಹೂ ಬಿಡುತ್ತಿದ್ದವಂತೆ. ನನ್ನ ಬರಿಗಾಲು ನೋಡಿದರು, ಕೈಯಲ್ಲಿದ್ದ ಚಪ್ಪಲಿ ನೋಡಿದರು.

"ಟಪಾಲಿನೋರಲ್ವಾ ನೀವು? ಪರೀಕ್ಷೆಗೆ ಬೇರೆ ಕಟ್ಟಿದ್ದೀರಿ. ಪೇಪರ್ ಬರೋ ದಿನ ಈ ಬಾಗಿಲಲ್ಲಿ ಏನ್ ಕೆಲಸ?"

ಕಾಗದ ಚಾಚಿದೆ. ಅವರು ಓದಿದರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು. ಅಷ್ಟು ಹೊತ್ತಿನಲ್ಲಿ ನನ್ನ ಪದವಿ, ಒಳಗಿದ್ದವರ ಕೆಲಸ ಎರಡೂ ಹೋದವು ಎಂದುಕೊಂಡೆ.

"ಇವರು ನಿಮಗೇನಾಗಬೇಕು?" ಎಂದು ಸರಳಿನ ಆಚೆಗೆ ಕೇಳಿದರು.

"ಗೊತ್ತಿಲ್ಲ ಮೇಡಂ. ಇನ್ನೂ ಕೇಳಿಲ್ಲ."

"ಯಾರನ್ನ?"

"ಅವರನ್ನ."

ಪರೀಕ್ಷಾ ಕುಲಸಚಿವರು ಗಡಿಯಾರ ನೋಡಿಕೊಂಡರು. "ಹತ್ತು ನಿಮಿಷ ಇದೆ. ಇವರು ನಿಮಗೆ ಏನೂ ಆಗಬೇಕಾಗಿಲ್ಲ ಅಂದ್ರೆ, ಇದಕ್ಕೆ ಮೊಹರು ಬಿದ್ದಿಲ್ಲ, ಇದು ದಾಖಲೆನೇ ಅಲ್ಲ. ನಾನೇ ಹರಿದು ಹಾಕ್ತೀನಿ. ನೀವು ಒಳಗೆ, ಇವರು ಕೆಳಗೆ. ಏನಾದ್ರೂ ಆಗಬೇಕು ಅಂದ್ರೆ ಬರೆದು ಕೊಟ್ಟು ಕೀ ನನ್ನ ಕೈಲಿಡಿ. ಮುಂದಿನ ವರ್ಷದ ಬಡ್ತಿ ಮರೆತುಬಿಡಿ. ಕೇಳೋದಿದ್ರೆ ಈಗ್ಲೇ ಕೇಳಿ."

'ಇಲ್ಲ' ಎಂಬ ಎರಡಕ್ಷರದಲ್ಲಿ ನಮ್ಮಿಬ್ಬರ ಅನ್ನವೂ ಭದ್ರವಾಗಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವರು ಕೀಗೊಂಚಲು ಬಿಚ್ಚಿ ಕೈಗೆ ತೆಗೆದುಕೊಂಡರು. "ನಾನು ಹೆದರುಪುಕ್ಕಲ," ಎಂದರು. "ಅದು ನಿಮಗೆ ಗೊತ್ತಾಗಿದೆ. ಬಡ್ತಿನೂ ಬರಲ್ಲ. ನನ್ನ ಮದುವೆ ಆಗ್ತೀರಾ?"

"ಇಷ್ಟು ಕೇಳೋಕೆ ಎರಡು ವರ್ಷ ಬೇಕಾಯ್ತಾ?"

"ಹಳೇ ನೋವು ಮೇಡಂ."

ನಗು ಬಂತು, ಅದರ ಬೆನ್ನಿಗೇ ಅಳು. "ಹೂಂ," ಎಂದೆ. "ಆಗ್ತೀನಿ. ಬೇಗ ಬರೀರಿ."

ಬಾಗಿಲ ಸರಳಿಗೇ ಕಾಗದ ಒತ್ತಿ ಅವರು ಬರೆಯತೊಡಗಿದರು. ಪೆನ್ನು ಹಾಳೆಯನ್ನು ತೂತು ಮಾಡುತ್ತಿತ್ತು.

"ಅಕ್ಷರ ನೆಟ್ಟಗಿರಲಿ," ಎಂದರು ಪರೀಕ್ಷಾ ಕುಲಸಚಿವರು. "ಕುಲಪತಿಗಳು ಓದಬೇಕು." ಆಮೇಲೆ ನನ್ನ ಕಡೆ ತಿರುಗಿ, "ಚಪ್ಪಲಿ ಹಾಕ್ಕೊಂಡು ಓಡಮ್ಮ, ಜಾರ್ತೀಯ," ಎಂದರು.

ನಾನು ಹಾಕಿಕೊಳ್ಳಲಿಲ್ಲ, ಹಾಗೇ ಓಡಿದೆ. ಕಿಟಕಿ ಮುಟ್ಟುವ ಹೊತ್ತಿಗೆ ಗೇಟಿನ ಕಡೆಯಿಂದ ಲಾರಿಯ ಹಾರ್ನ್ ಕೇಳಿತು. ಮೊಹರಿನ ಗಂಟೆಯ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಅದು ಹನ್ನೆರಡರ ಮೇಲೆ ಸಿಕ್ಕಿಕೊಂಡಿತ್ತು, ನಿಮಿಷದ ಚಕ್ರ ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಅಕ್ಕ ಎದ್ದು ಬಂದು ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದರು. "ಉಸಿರು ಬಿಡೇ ಹುಚ್ಚಿ," ಎಂದರು. ಚಕ್ರ ತಿರುಗಿತು. ಒತ್ತಿದೆ. ಒಂದು ಗಂಟೆ ಐವತ್ತಾರು ನಿಮಿಷ.

ಲಾರಿ ಒಳಗೆ ಬಂದಾಗ ಐವತ್ತೊಂಬತ್ತು.

ಆಗ ನಾಲ್ಕನೇ ಕಲಂ ಓದಿದೆ. 'ಮದುವೆಯಾಗಲಿರುವವರು' ಎಂದಿತ್ತು.

ಭಯ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಆ ಕಾಗದ ಮಹಡಿ ಮಹಡಿ ಹತ್ತಿತು. ಅಕ್ಕನ ಸಹಿ, ಉಪಕುಲಸಚಿವರ ಸಹಿ, ಕುಲಸಚಿವರ ಟಿಪ್ಪಣಿ: ನೌಕರರನ್ನು ಗೌಪ್ಯ ಶಾಖೆಯಿಂದ ತೋಟಗಾರಿಕೆ ಶಾಖೆಗೆ ವರ್ಗಾಯಿಸಬಹುದು. ನಾಲ್ಕನೆಯ ದಿನ ಕೆಳಗಿಳಿದಾಗ ಹಸಿರು ಶಾಯಿಯಲ್ಲಿ ಕುಲಪತಿಗಳ 'ಒಪ್ಪಿದೆ' ಇತ್ತು. ನಮ್ಮ ಅಪ್ಪ ಅಮ್ಮನಿಗೆ ನಾನಿನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಇಡೀ ವಿಶ್ವವಿದ್ಯಾಲಯ ಒಪ್ಪಿ ಕೂತಿತ್ತು.

ಆದರೆ ಯಾರಾದರೂ ಮೂಗರ್ಜಿ ಬರೆದರೆ? ಅದೂ ನನ್ನ ಕಿಟಕಿಗೇ ಬರಬೇಕಲ್ಲ! ದಿನಾ ಒಂದೊಂದು ಲಕೋಟೆ ಒಡೆಯುವ ಮೊದಲೂ ಅಕ್ಷರ ಯಾರದೆಂದು ನೋಡುತ್ತಿದ್ದೆ. ಪರೀಕ್ಷೆ ಮುಗಿಯುವವರೆಗೆ ನನ್ನ ಹತ್ತಿರ ಸುಳಿಯಬೇಡಿ ಎಂದು ಈ ಸಲ ನಾನೇ ಅಕ್ಕನ ಕೈಲಿ ಹೇಳಿ ಕಳಿಸಿದೆ. ಅವರು ಸುಳಿಯಲಿಲ್ಲ. ಪರೀಕ್ಷಾ ಕೊಠಡಿಯ ಕಿಟಕಿಯಿಂದ ದೂರದಲ್ಲಿ, ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತ ನಿಂತವರೊಬ್ಬರು ಕಾಣುತ್ತಿದ್ದರು. ನನ್ನ ಕಡೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಆ ಬೆನ್ನು ನೋಡಿಕೊಂಡೇ ಐದು ಪತ್ರಿಕೆ ಬರೆದೆ.

ಕೊನೆಯ ದಿನ ಗಂಟೆ ಹೊಡೆದು ಹೊರಬಂದಾಗ ಅವರು ನೋಟಿಸ್ ಬೋರ್ಡಿನ ಕೆಳಗೆ ಕೈ ಹಿಂದೆ ಕಟ್ಟಿ ನಿಂತಿದ್ದರು.

"ಹೇಗಾಯ್ತು?"

"ಮೊದಲು ಕೈ ತೋರಿಸಿ."

ಹಿಂಜರಿಯುತ್ತ ಚಾಚಿದರು. ಅರಗಿನ ಕೆಂಪು ಹೋಗಿತ್ತು. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ನಾನು ಆ ಕೈಯನ್ನು ಹಿಡಿದುಕೊಂಡೆ, ಜೀವಮಾನದಲ್ಲಿ ಮೊದಲ ಸಲ.

ಅಷ್ಟರಲ್ಲಿ ಉತ್ತರಪತ್ರಿಕೆಯ ಕಟ್ಟುಗಳ ಹಿಂದೆ ಪರೀಕ್ಷಾ ಕುಲಸಚಿವರು ಕಾರಿಡಾರಿನಲ್ಲಿ ಬರುವುದು ಕಾಣಿಸಿತು. ನಾನು ಹಿಡಿದ ಕೈಯನ್ನು ಅವರು ಎಳೆದುಕೊಳ್ಳಲು ನೋಡಿದರು.

"ಬಿಡಿ, ನೋಡ್ತಾರೆ!"

"ನೋಡ್ಲಿ," ಎಂದೆ. "ಮೂರು ಮಹಡಿನೂ ಸಹಿ ಹಾಕಿದೆ. ಇನ್ಯಾರಿಗೆ ಹೆದರ್ತೀರಿ?"

"ಎಲ್ಲರಿಗೂ," ಎಂದರು. ಆದರೆ ಕೈ ಬಿಡಲಿಲ್ಲ. ಪರೀಕ್ಷಾ ಕುಲಸಚಿವರು ಹಾದು ಹೋಗುವವರೆಗೂ ನಾವಿಬ್ಬರೂ ಹಾಗೇ ನಿಂತಿದ್ದೆವು.